ಮಡುವಿನ ಆಮೆ, ಊರಿನ ದಾಖಲೆ



ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಾಡು, ಗದ್ದೆ, ಇಟ್ಟಿಗೆ ಭಟ್ಟಿಗಳ ನಡುವೆ ಹಾದು, ಅಸೋಗಾ ದಾಟಿ, ಎಂ.ಕೆ. ಹುಬ್ಬಳ್ಳಿಯ ಕಡೆಗೆ ಸಾಗುತ್ತದೆ. ದಂಡೆಯ ಜನರಿಗೆ ಈ ಹೊಳೆಯ ಬಗ್ಗೆ ತಿಳಿಯದ ಸಂಗತಿ ಕಡಿಮೆ. ಯಾವ ಮಡು ಕಡುಬೇಸಿಗೆಯಲ್ಲಿಯೂ ಬತ್ತುವುದಿಲ್ಲ, ಯಾವ ಮರಳ ದಿಬ್ಬ ಪ್ರತಿ ಮಳೆಗಾಲಕ್ಕೆ ಜಾಗ ಬದಲಿಸುತ್ತದೆ, ಯಾವ ಬಂಡೆಯ ಮೇಲೆ ಚಳಿಗಾಲದ ಬಿಸಿಲಿಗೆ ಆಮೆ ಬಂದು ಕೂರುತ್ತದೆ ಎಂಬುದು ಬಟ್ಟೆ ಒಗೆಯಲು ಹೋಗುವ ಹೆಣ್ಣುಮಕ್ಕಳಿಗೆ ಗೊತ್ತು, ಬಲೆ ಬೀಸುವವರಿಗೆ ಗೊತ್ತು, ದನ ಕಾಯುವ ಹುಡುಗರಿಗೆ ಗೊತ್ತು. ಆದರೆ ಈ ತಿಳಿವಳಿಕೆಯ ಬಹುಪಾಲು ಕಾಗದಕ್ಕೆ ಇಳಿದಿಲ್ಲ. ಕಾಗದದ ಮೇಲಿರುವುದು ಬೇರೆಯೇ ಲೆಕ್ಕ: ಎಷ್ಟು ಟಿ.ಎಂ.ಸಿ. ನೀರು, ಯಾವ ರಾಜ್ಯದ ಪಾಲು ಎಷ್ಟು, ಯಾವ ಕಾಲುವೆ ಎಲ್ಲಿಗೆ. ಕಳಸಾ-ಬಂಡೂರಿ ವಿವಾದದ ಕಡತಗಳಲ್ಲಿ ನೀರಿಗೆ ಸಿಕ್ಕಿರುವ ಗಮನದ ನೂರರಲ್ಲೊಂದು ಪಾಲು ಆ ನೀರಿನೊಳಗಿನ ಜೀವಿಗಳಿಗೆ ಸಿಕ್ಕಿದ್ದರೆ ಇಂದಿನ ಈ ಮಾತಿಗೆ ಅಗತ್ಯವೇ ಇರುತ್ತಿರಲಿಲ್ಲ.

ಇತ್ತ ಬೆಳಗಾವಿಯ ವಡಗಾವಿಗೆ ಬಂದರೆ ನೋಟ ಬೇರೆ. ನೇಕಾರರ ಮಗ್ಗಗಳ ಸದ್ದು ಮುಗಿಯುವಲ್ಲಿ ಭತ್ತದ ಗದ್ದೆಗಳು ಆರಂಭವಾಗುತ್ತವೆ. ವಡಗಾವಿ, ಶಹಾಪುರ, ಯಳ್ಳೂರಿನ ಕಡೆಯ ಈ ಗದ್ದೆಗಳು ಬೆಳಗಾವಿ ಬಾಸುಮತಿಗೆ ಹೆಸರಾದವು. ಪಕ್ಕದಲ್ಲಿಯೇ ಬಳ್ಳಾರಿ ನಾಲಾ. ನಗರದ ಕೊಳಚೆ ಅದಕ್ಕೆ ಸೇರುವುದು, ಮಳೆಗಾಲದಲ್ಲಿ ಅದು ಉಕ್ಕಿ ನಾಟಿಯಾದ ಗದ್ದೆಗಳನ್ನು ಮುಳುಗಿಸುವುದು ರೈತರ ಹಳೆಯ ಸಂಕಟ. ಈ ನಾಲೆಯ ನೀರು ಮಾರ್ಕಂಡೇಯ ನದಿಗೆ, ಅಲ್ಲಿಂದ ಘಟಪ್ರಭೆಗೆ, ಕೊನೆಗೆ ಕೃಷ್ಣೆಗೆ ಸೇರುತ್ತದೆ. ಮಲಪ್ರಭೆಯೂ ಕೂಡಲಸಂಗಮದಲ್ಲಿ ಕೃಷ್ಣೆಯನ್ನೇ ಕೂಡುತ್ತದೆ. ಹೀಗೆ ಖಾನಾಪುರದ ಮಡುವೂ ವಡಗಾವಿಯ ಗದ್ದೆಯೂ ಒಂದೇ ದೊಡ್ಡ ನದಿಯ ಎರಡು ಕೈಗಳ ಬೆರಳ ತುದಿಗಳು. ಸಿಹಿನೀರಿನ ಆಮೆಯ ವಿಷಯಕ್ಕೆ ಬಂದಾಗ ಈ ನಂಟನ್ನು ನೆನಪಿಡಬೇಕಾಗುತ್ತದೆ.

ಆಮೆ ಎಂದು ಎಲ್ಲವನ್ನೂ ಒಂದೇ ಹೆಸರಿನಲ್ಲಿ ಕರೆಯುವ ರೂಢಿ ಇದೆ. ಮರಾಠಿ ಮಾತನಾಡುವ ಮನೆಗಳಲ್ಲಿ ಅದು ಕಾಸವ. ಆದರೆ ಈ ಸೀಮೆಯಲ್ಲಿ ಗುರುತಿಸಬೇಕಾದವು ಮುಖ್ಯವಾಗಿ ಮೂರು. ಮೊದಲನೆಯದು ಗದ್ದೆ, ಕೆರೆ, ಕಾಲುವೆಗಳ ಆಮೆ. ಇದರ ಬೆನ್ನಿನ ಮೇಲೆ ಗಟ್ಟಿ ಫಲಕಗಳ ಬದಲು ನಯವಾದ ಚರ್ಮದ ಹೊದಿಕೆ ಇರುತ್ತದೆ. ಕೆಳಭಾಗದಲ್ಲಿ ಹಿಂಗಾಲುಗಳನ್ನು ಮುಚ್ಚಿಕೊಳ್ಳುವ ಎರಡು ಚರ್ಮದ ಮುಚ್ಚಳಗಳಿವೆ. ಬೇಸಿಗೆಯಲ್ಲಿ ಕೆರೆ ಒಣಗಿದರೆ ಕೆಸರಿನೊಳಗೆ ಹೂತುಕೊಂಡು ಮಳೆ ಬರುವವರೆಗೆ ತಾಳಿಕೊಳ್ಳುತ್ತದೆ. ಮುಂಗಾರಿನ ಮೊದಲ ಮಳೆಗಳಲ್ಲಿ ಇದು ನೆಲದ ಮೇಲೆ ನಡೆದು ಬೇರೆ ನೀರು ಹುಡುಕುವುದುಂಟು. ರಸ್ತೆಯಲ್ಲಿ ಚಕ್ರದಡಿ ಸಾಯುವುದು ಆಗಲೇ. ಬಸವನಹುಳು, ಕಪ್ಪೆ, ಸತ್ತ ಮೀನು, ನೀರಿನ ಸೊಪ್ಪು, ಯಾವುದನ್ನೂ ಬಿಡುವುದಿಲ್ಲ.

ಎರಡನೆಯದು ಕರಿಯಾಮೆ. ಬೆನ್ನು ಗಟ್ಟಿ, ಕಪ್ಪು ಇಲ್ಲವೆ ಕಡುಕಂದು, ಅದರ ಮೇಲೆ ತಲೆಯಿಂದ ಬಾಲದ ಕಡೆಗೆ ಸಾಗುವ ಮೂರು ಏಣುಗಳು. ಕೆರೆ, ನಿಧಾನವಾಗಿ ಹರಿಯುವ ಹಳ್ಳ, ದೇವಸ್ಥಾನದ ಪುಷ್ಕರಣಿ, ಮನೆಯ ಬಾವಿ, ಎಲ್ಲೆಡೆಯೂ ಇದರ ವಾಸ. ಹಳೆಯ ಬಾವಿಗಳಲ್ಲಿ ನೀರು ಚೊಕ್ಕಟವಾಗಿರಲೆಂದು ಆಮೆ ಬಿಡುವ ಪದ್ಧತಿ ಹಳ್ಳಿಗಳಲ್ಲಿತ್ತು. ಬೆಳಗಾವಿಯ ಬಾವಿಗಳ ಕಥೆ ತಿಳಿದವರಿಗೆ ಇದು ಸಣ್ಣ ಮಾತಲ್ಲ. 1924ರ ಕಾಂಗ್ರೆಸ್ ಅಧಿವೇಶನಕ್ಕಾಗಿ ತೋಡಿದ ಬಾವಿ ಟಿಳಕವಾಡಿಯ ಕಡೆ ಇಂದಿಗೂ ಇದೆ. 1990ರ ದಶಕದ ನೀರಿನ ಬರದ ನಂತರ ಈ ನಗರ ತನ್ನ ಹಳೆಯ ತೆರೆದ ಬಾವಿಗಳ ಹೂಳು ತೆಗೆದು ಮತ್ತೆ ಬಳಕೆಗೆ ತಂದಿತು. ಅದು ಮೆಚ್ಚತಕ್ಕ ಕೆಲಸ. ಆದರೆ ಎಲ್ಲಿಯೇ ಆಗಲಿ, ಹೂಳಿನೊಂದಿಗೆ ಬುಟ್ಟಿಯಲ್ಲಿ ಮೇಲೆ ಬರುವ ಆಮೆಯನ್ನು ಎಲ್ಲಿಗೆ ಬಿಡಬೇಕೆಂದು ಯೋಚಿಸುವವರು ಕಡಿಮೆ.

ಮೂರನೆಯದು ಹೊಳೆಯ ದೊಡ್ಡ ಆಮೆ. ಶಾಸ್ತ್ರಜ್ಞರು ಇದನ್ನು ಲೀತ್‌ನ ಮೃದುಚಿಪ್ಪಿನ ಆಮೆ ಎನ್ನುತ್ತಾರೆ. 1872ರಲ್ಲಿ ಜಾನ್ ಎಡ್ವರ್ಡ್ ಗ್ರೇ ಪುಣೆಯ ಮಾದರಿಯನ್ನು ನೋಡಿ ಇದನ್ನು ವಿವರಿಸಿದರು. ಪುಣೆಯ ಮುಳಾ-ಮುಠಾ ನದಿಗಳು ಭೀಮೆಗೆ, ಭೀಮೆ ಕೃಷ್ಣೆಗೆ ಸೇರುವುದರಿಂದ, ಈ ಆಮೆಯ ಮೊದಲ ಗುರುತು ಸಿಕ್ಕಿದ್ದೂ ಕೃಷ್ಣೆಯ ನೀರಿನಲ್ಲಿಯೇ ಎನ್ನಬೇಕು. ಇದರ ಬೆನ್ನು ಎರಡು ಅಡಿಗೂ ಹೆಚ್ಚು ಉದ್ದ ಬೆಳೆಯಬಲ್ಲದು. ಮರಿಯಿದ್ದಾಗ ಬೂದು-ಹಸಿರು ಬೆನ್ನಿನ ಮೇಲೆ ನಾಲ್ಕರಿಂದ ಆರು ಕಣ್ಣಿನಂಥ ಮಚ್ಚೆಗಳಿರುತ್ತವೆ. ಬೆಳೆದಂತೆ ಅವು ಮಾಸುತ್ತವೆ. ದಕ್ಷಿಣ ಭಾರತದ ಪರ್ಯಾಯ ದ್ವೀಪದ ನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇದು ಇಲ್ಲ. ಕಳೆದ 30 ವರ್ಷಗಳಲ್ಲಿ ಇದರ ಸಂಖ್ಯೆ ಶೇ. 90ರಷ್ಟು ಕುಸಿದಿದೆ ಎಂಬ ಅಂದಾಜನ್ನು 2022ರಲ್ಲಿ ಭಾರತ ಸರ್ಕಾರವೇ ಮುಂದಿಟ್ಟಿತು. ಆ ವರ್ಷದ ನವೆಂಬರ್‌ನಲ್ಲಿ ಪನಾಮಾದಲ್ಲಿ ನಡೆದ ವನ್ಯಜೀವಿ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ, ಭಾರತದ ಕೋರಿಕೆಯಂತೆ, ಈ ಆಮೆಯನ್ನು ವಾಣಿಜ್ಯ ವ್ಯಾಪಾರ ಪೂರ್ಣ ನಿಷಿದ್ಧವಾದ ಮೊದಲನೆಯ ಪಟ್ಟಿಗೆ ಏರಿಸಲಾಯಿತು. ಅಳಿವಿನ ಅಂಚಿನ ಜೀವಿಗಳ ಜಾಗತಿಕ ಪಟ್ಟಿಯಲ್ಲಿ ಹುಲಿಗಿಂತಲೂ ಮೇಲಿನ ಅಪಾಯದ ದರ್ಜೆ ಇದಕ್ಕಿದೆ. ಹುಲಿಯ ಎಣಿಕೆಗೆ ಸಾವಿರಾರು ಕ್ಯಾಮೆರಾಗಳಿವೆ. ಈ ಆಮೆಗೆ ಹೊಳೆಯ ಜನರ ಕಣ್ಣೊಂದೇ.

ಸಂಖ್ಯೆ ಕುಸಿಯಲು ಕಾರಣಗಳು ಗೊತ್ತಿಲ್ಲದವೇನಲ್ಲ. ಮಾಂಸಕ್ಕಾಗಿ ಹಿಡಿಯುವುದು ಒಂದು. ಮೃದುಚಿಪ್ಪಿನ ಆಮೆಗಳ ಬೆನ್ನಿನ ಅಂಚಿನ ಮೆದು ಭಾಗವನ್ನು ಒಣಗಿಸಿ ಹೊರದೇಶಗಳಿಗೆ ಕಳ್ಳಸಾಗಣೆ ಮಾಡುವುದು ಇನ್ನೊಂದು. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆಯ ಲೆಕ್ಕದಂತೆ 2009ರ ಸೆಪ್ಟೆಂಬರ್‌ನಿಂದ 2019ರ ಸೆಪ್ಟೆಂಬರ್‌ವರೆಗಿನ ಹತ್ತು ವರ್ಷಗಳಲ್ಲಿ ಭಾರತದಲ್ಲಿ ವಶಪಡಿಸಿಕೊಂಡ ನೆಲದ ಆಮೆ ಮತ್ತು ಸಿಹಿನೀರಿನ ಆಮೆಗಳ ಸಂಖ್ಯೆ ಕನಿಷ್ಠ 1,11,310. ವಾರಕ್ಕೆ 200ಕ್ಕೂ ಹೆಚ್ಚಾಯಿತು. ಇದು ಸಿಕ್ಕಿಬಿದ್ದವುಗಳ ಲೆಕ್ಕ ಮಾತ್ರ. ಬೇಟೆಯಿಲ್ಲದ ಕಡೆಯೂ ಆಮೆಗೆ ನೆಮ್ಮದಿಯಿಲ್ಲ. ಮೊಟ್ಟೆಯಿಡುವ ಮರಳ ದಿಬ್ಬವನ್ನು ಲಾರಿ ಒಯ್ಯುತ್ತದೆ. ದಂಡೆಯ ಮಣ್ಣು ಭಟ್ಟಿಗೆ ಹೋಗುತ್ತದೆ. ಅಣೆಕಟ್ಟೆಯಿಂದ ಅಕಾಲದಲ್ಲಿ ಬಿಟ್ಟ ನೀರು ಗೂಡನ್ನು ಮುಳುಗಿಸುತ್ತದೆ. ನೀರೊಳಗೆ ಕಟ್ಟಿಬಿಟ್ಟ ಬಲೆಗೆ ಸಿಕ್ಕ ಆಮೆ ಉಸಿರಿಗಾಗಿ ಮೇಲೆ ಬರಲಾರದೆ ಸಾಯುತ್ತದೆ. ಆಮೆಗೆ ಕಿವಿರಿಲ್ಲ, ಶ್ವಾಸಕೋಶವಿದೆ ಎಂಬ ಸರಳ ಸಂಗತಿ ಎಷ್ಟೋ ವಿದ್ಯಾವಂತರಿಗೂ ಹೊಳೆಯುವುದಿಲ್ಲ. ಬಲೆ ಕಟ್ಟುವವರಿಗೆ ಅದು ಚೆನ್ನಾಗಿ ಗೊತ್ತು.

ಹಳೆಯ ನಂಬಿಕೆಯೊಂದಿದೆ. ಆಮೆ ಮೊಟ್ಟೆಯಿಟ್ಟು ದೂರ ಹೋಗಿ, ನೆನಹಿನಿಂದಲೇ ಮರಿ ಮಾಡುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಗುರುವಿನ ಕೃಪೆಗೆ ಇದನ್ನು ಹೋಲಿಸುವ ವಾಡಿಕೆಯೂ ಇದೆ. ನಂಬಿಕೆಯ ಹಿಂದೆ ಒಳ್ಳೆಯ ಅವಲೋಕನವಿದೆ ಎಂಬುದನ್ನು ಗಮನಿಸಬೇಕು. ತಾಯಿ ಕಾವು ಕೂರುವುದಿಲ್ಲ, ಮರಳಿಗೆ ತತ್ತಿಯನ್ನು ಒಪ್ಪಿಸಿ ನೀರಿಗೆ ಇಳಿಯುತ್ತಾಳೆ ಎಂಬುದನ್ನು ಯಾರೋ ಹೊಳೆದಂಡೆಯಲ್ಲಿ ಕುಳಿತು ಕಂಡಿದ್ದಾರೆ. ಕಾವು ಕೊಡುವುದು ನೆಲದ ಬಿಸಿ. ಹಲವು ಜಾತಿಯ ಆಮೆಗಳಲ್ಲಿ ಮರಿ ಗಂಡೋ ಹೆಣ್ಣೋ ಎಂಬುದನ್ನೂ ಆ ಬಿಸಿಯೇ ನಿರ್ಧರಿಸುತ್ತದೆ. ಮೃದುಚಿಪ್ಪಿನ ಆಮೆಗಳಲ್ಲಿ ಮಾತ್ರ ಹಾಗಲ್ಲ. ಗದ್ದೆಯ ಆಮೆಯ ತತ್ತಿ ಹಲವು ತಿಂಗಳು ಮಣ್ಣಿನೊಳಗೆ ಇರಬಲ್ಲದು. ಇಂಥ ಜೀವಿಯ ಬದುಕಿನ ವೇಗ ಮನುಷ್ಯರ ಯೋಜನೆಗಳ ವೇಗಕ್ಕೆ ಹೊಂದುವುದಿಲ್ಲ. ಆಮೆ ತಡವಾಗಿ ಪ್ರಾಯಕ್ಕೆ ಬರುತ್ತದೆ. ಇಟ್ಟ ಮೊಟ್ಟೆಗಳಲ್ಲಿ ಬಹುಪಾಲು ನರಿ, ಮುಂಗುಸಿ, ಉಡ, ನಾಯಿಗಳ ಪಾಲು. ಬದುಕಿ ಉಳಿದ ಕೆಲವು ಮಾತ್ರ ದಶಕಗಳ ಕಾಲ ಬಾಳಿ, ವರ್ಷವರ್ಷವೂ ಮೊಟ್ಟೆಯಿಟ್ಟು ಆ ನಷ್ಟವನ್ನು ತುಂಬುತ್ತವೆ. ಆದ್ದರಿಂದ ಮಡುವಿನಿಂದ ಒಂದು ದೊಡ್ಡ ಹೆಣ್ಣಾಮೆಯನ್ನು ತೆಗೆದರೆ ಆ ಮಡು ಹಲವು ವರ್ಷಗಳ ಸಂತಾನವನ್ನು ಕಳೆದುಕೊಳ್ಳುತ್ತದೆ. ಮುದಿ ಆಮೆಗಳು ಕಾಣುತ್ತಿರುವವರೆಗೆ ಊರಿನವರಿಗೆ ‘ಆಮೆ ಇದೆ’ ಎಂದೇ ತೋರುತ್ತದೆ. ಮರಿಗಳು ಕಾಣದೆ ಹತ್ತು ವರ್ಷವಾಯಿತೆಂಬುದು ಲೆಕ್ಕಕ್ಕೆ ಬರುವಾಗ ಕಾಲ ಮೀರಿರುತ್ತದೆ.

ಜನರ ಪಾಲ್ಗೊಳ್ಳುವಿಕೆ ಇಲ್ಲಿ ಅಲಂಕಾರಕ್ಕಲ್ಲ. ಸಂಶೋಧನಾ ಯೋಜನೆಯ ಆಯುಸ್ಸು ಎರಡು ವರ್ಷ, ಹೆಚ್ಚೆಂದರೆ ಐದು. ಆಮೆಯ ಒಂದು ತಲೆಮಾರು ಅದಕ್ಕಿಂತ ಉದ್ದ. ವಿದ್ಯಾರ್ಥಿ ಬಂದು, ಅಳೆದು, ಪ್ರಬಂಧ ಬರೆದು ಪದವಿ ಪಡೆದು ಹೋಗುತ್ತಾನೆ. ಹೊಳೆಯ ಪಕ್ಕದಲ್ಲಿ ಉಳಿಯುವವರು ಊರಿನವರು. ಇಪ್ಪತ್ತು ವರ್ಷ ಒಂದೇ ಮಡುವನ್ನು ನೋಡಬಲ್ಲವರು ಅವರೊಬ್ಬರೇ.

ಹೀಗೆ ನೋಡಿದವರ ತಿಳಿವಳಿಕೆಯಿಂದ ಏನಾಗಬಹುದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದ ಮೇಲೆ ಪಯಸ್ವಿನಿಯಾಗಿ ಹರಿದು, ಕಾಸರಗೋಡಿನಲ್ಲಿ ಚಂದ್ರಗಿರಿ ಎಂಬ ಹೆಸರಿನಿಂದ ಕಡಲು ಸೇರುವ ಹೊಳೆಯಿದೆ. ಕನ್ನಡ, ತುಳು, ಮಲಯಾಳಂ ಮೂರೂ ಬೆರೆತ ದಂಡೆ ಅದು. ಆ ಹೊಳೆಯಲ್ಲಿ ಕ್ಯಾಂಟರ್‌ನ ದೈತ್ಯ ಮೃದುಚಿಪ್ಪಿನ ಆಮೆಯಿದೆ. ಬೆನ್ನು ಮೂರು ಅಡಿ ಮೀರಬಲ್ಲದು. ದಿನದ ಬಹುಪಾಲನ್ನು ಮರಳಿನಡಿ ಅಲುಗದೆ ಹೂತುಕೊಂಡು ಕಳೆಯುತ್ತದೆ. ಹೀಗೆ ಅಡಗಿರುವ ಪ್ರಾಣಿಯನ್ನು ಹೊರಗಿನಿಂದ ಬಂದವರು ದೋಣಿಯಲ್ಲಿ ಎಷ್ಟು ಸುತ್ತಿದರೂ ಕಾಣುವುದು ಅಪರೂಪ. ದೇಶದಲ್ಲಿ ಇದರ ದಾಖಲೆಗಳು ಬೆರಳೆಣಿಕೆಯಷ್ಟು ಇದ್ದವು. ಆಯುಷಿ ಜೈನ್ ಎಂಬ ಸಂಶೋಧಕಿ ಅಲ್ಲಿಗೆ ಹೋದಾಗ ಹೊಳೆಯನ್ನು ಕೇಳುವ ಬದಲು ಹೊಳೆಯ ಜನರನ್ನು ಕೇಳಿದರು. ಯಾರು ಯಾವಾಗ ಎಲ್ಲಿ ಕಂಡಿದ್ದರು, ಮೊದಲು ಎಷ್ಟಿತ್ತು, ಗಾಳಕ್ಕೆ ಸಿಕ್ಕರೆ ಏನು ಮಾಡುತ್ತಾರೆ, ಹೀಗೆ ಮಾತು ಬೆಳೆಯಿತು. ಆಮೆ ಬಲೆಗೋ ಗಾಳಕ್ಕೋ ಸಿಕ್ಕಾಗ ಕೂಡಲೇ ಫೋನ್ ಮಾಡಿ ತಿಳಿಸುವ ಜನರ ಜಾಲವೊಂದು ಏರ್ಪಟ್ಟಿತು. ಅದರ ಫಲವಾಗಿ ಸಿಕ್ಕ ಆಮೆಗಳನ್ನು ಜೀವಂತವಾಗಿ ಹೊಳೆಗೆ ಮರಳಿಸಲು ಸಾಧ್ಯವಾಯಿತು. ಮೊಟ್ಟೆಯಿಡುವ ಹೆಣ್ಣಾಮೆಯ ದಾಖಲೆ ಸಿಕ್ಕಿತು. ನೀರು ನುಗ್ಗಿದ ಗೂಡುಗಳಿಂದ ತತ್ತಿಗಳನ್ನು ಎತ್ತಿ ಮರಿ ಮಾಡಿಸಿ ಹೊಳೆಗೆ ಬಿಡಲಾಯಿತು. ಇದೆಲ್ಲ 2024ರಲ್ಲಿ ‘ಓರಿಕ್ಸ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಅದಕ್ಕೂ ಮುಂಚೆ, 2023ರಲ್ಲಿ, ಕಾಸರಗೋಡು ತನ್ನದೇ ಜಿಲ್ಲಾ ವೃಕ್ಷ, ಪುಷ್ಪ, ಪಕ್ಷಿಗಳನ್ನು ಘೋಷಿಸಿದಾಗ, ಊರಿನವರು ‘ಪಾಲಪೂವನ್’ ಎಂದು ಕರೆಯುವ ಈ ಆಮೆಯನ್ನು ಜಿಲ್ಲೆಯ ಜೀವಿಯಾಗಿ ಸ್ವೀಕರಿಸಿತು. ಒಂದು ಜಿಲ್ಲೆಯ ಗೌರವದ ಪಟ್ಟಿಯಲ್ಲಿ ಆನೆಯನ್ನೂ ನವಿಲನ್ನೂ ಬಿಟ್ಟು ಮರಳಿನಡಿ ಅಡಗುವ ಆಮೆಗೆ ಜಾಗ ಸಿಕ್ಕಿದ್ದು ಸಾಮಾನ್ಯ ಸಂಗತಿಯಲ್ಲ.

ಇದಕ್ಕೆ ಎದುರಾದ ಉದಾಹರಣೆಯೂ ಉಂಟು. ಗಂಗಾ ಶುದ್ಧೀಕರಣದ ಉತ್ಸಾಹದಲ್ಲಿ 1989ರಲ್ಲಿ ವಾರಾಣಸಿಯ ಘಾಟುಗಳ ಎದುರಿನ 7 ಕಿ.ಮೀ. ನದಿಯನ್ನು ಆಮೆಗಳ ಅಭಯಾರಣ್ಯವೆಂದು ಘೋಷಿಸಿದರು. ಅರೆಬೆಂದ ಹೆಣಗಳನ್ನು ತಿಂದು ನೀರನ್ನು ಚೊಕ್ಕಟಗೊಳಿಸಲಿ ಎಂದು ಬೇರೆಡೆಯಿಂದ ತಂದ ತತ್ತಿಗಳಿಂದ ಸಾವಿರಾರು ಮರಿಗಳನ್ನು ಬೆಳೆಸಿ ಬಿಡಲಾಯಿತು. ಚರಂಡಿಗಳು ಗಂಗೆಗೆ ಬೀಳುವುದು ನಿಲ್ಲಲಿಲ್ಲ. 2020ರಲ್ಲಿ ಆ ಅಭಯಾರಣ್ಯದ ಘೋಷಣೆಯನ್ನೇ ರದ್ದುಪಡಿಸಲಾಯಿತು. ನದಿಯನ್ನು ಮಲಿನ ಮಾಡುವುದು ಮನುಷ್ಯರ ಕೆಲಸ, ತೊಳೆಯುವುದು ಆಮೆಯ ಕೆಲಸ ಎಂಬ ಹಂಚಿಕೆ ನಡೆಯತಕ್ಕದ್ದಲ್ಲ. ಬಳ್ಳಾರಿ ನಾಲೆಗೆ ಆಮೆ ಬಿಡೋಣ ಎಂದು ನಾಳೆ ಯಾರಾದರೂ ಸೂಚಿಸಿದರೆ ಈ ಕಥೆಯನ್ನು ಹೇಳಬೇಕು. ಇದರೊಂದಿಗೆ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಬಿಡುವುದು ಒಳ್ಳೆಯದು. ಆಮೆ ಇದ್ದರೆ ನೀರು ಶುದ್ಧ ಎಂದು ಭಾಷಣಗಳಲ್ಲಿ ಹೇಳುವುದುಂಟು. ಗದ್ದೆಯ ಆಮೆ ಕದಡಿದ, ಕೊಳೆತ ನೀರಿನಲ್ಲಿಯೂ ಬದುಕಬಲ್ಲದು. ಅದರ ಇರವು ಕೊಳಚೆಗೆ ಕೊಟ್ಟ ಯೋಗ್ಯತಾಪತ್ರವಲ್ಲ.

ಈಗ ಕಠಿಣವಾದ ಮಾತಿಗೆ ಬರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಗದ್ದೆಯ ಆಮೆಯಿದೆ. 2022ರ ತಿದ್ದುಪಡಿಯ ನಂತರ ಲೀತ್‌ನ ಆಮೆಯೂ ಸೇರಿದೆ. ಇವನ್ನು ಹಿಡಿಯುವುದು, ಕೊಲ್ಲುವುದು, ಮೊಟ್ಟೆ ಕೆದಕುವುದು ಎಲ್ಲವೂ ಕಾಯ್ದೆಯ ಭಾಷೆಯಲ್ಲಿ ಬೇಟೆಯೇ. ಶಿಕ್ಷೆ ಮೂರರಿಂದ ಏಳು ವರ್ಷ ಸೆರೆವಾಸ, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಕಳ್ಳಸಾಗಣೆಯ ಜಾಲಕ್ಕೆ ಇದು ಹೆಚ್ಚೇನಲ್ಲ. ಆದರೆ ಮಲಪ್ರಭೆಯಲ್ಲಿ ಮನೆಯ ಸಾರಿಗೆ ನಾಲ್ಕು ಮೀನು ಹಿಡಿಯಲು ಹೋದವನ ಬಲೆಯಲ್ಲಿ ಆಮೆ ಬಿದ್ದಿದ್ದರೆ ಅವನು ಏನು ಮಾಡುತ್ತಾನೆ? ಬದುಕಿದ್ದರೆ ಬಿಡಿಸಿ ಬಿಟ್ಟು ಬಾಯಿ ಮುಚ್ಚಿಕೊಳ್ಳುತ್ತಾನೆ; ಸತ್ತಿದ್ದರೆ ಹೂಳಿ ಬಾಯಿ ಮುಚ್ಚಿಕೊಳ್ಳುತ್ತಾನೆ. ಎರಡೂ ಸಂದರ್ಭದಲ್ಲಿ ಸುದ್ದಿ ಅವನೊಂದಿಗೇ ಉಳಿಯುತ್ತದೆ. ಆಮೆಗಳು ಎಲ್ಲಿವೆ, ಯಾವ ಬಲೆಗೆ ಬೀಳುತ್ತವೆ, ಯಾವ ತಿಂಗಳಲ್ಲಿ ಸಾಯುತ್ತವೆ ಎಂಬ ಅತ್ಯಂತ ಬೆಲೆಬಾಳುವ ಮಾಹಿತಿ ಇರುವುದು ಅತ್ಯಂತ ಭಯಪಡುವವರ ಬಳಿಯಲ್ಲಿ. ಜನರ ಸಹಭಾಗಿತ್ವ ಎಂದು ಎಷ್ಟು ಭಿತ್ತಿಪತ್ರ ಅಂಟಿಸಿದರೂ ಈ ಭಯ ಕರಗುವವರೆಗೆ ಅದು ಭಿತ್ತಿಪತ್ರವಾಗಿಯೇ ಇರುತ್ತದೆ. ಚಂದ್ರಗಿರಿಯ ದಂಡೆಯಲ್ಲಿ ಜನ ಫೋನ್ ಮಾಡಿದರೆಂದರೆ, ಮಾಡಿದವರನ್ನು ಯಾರೂ ಅಪರಾಧಿಯಂತೆ ನೋಡುವುದಿಲ್ಲ ಎಂಬ ಭರವಸೆ ಅಲ್ಲಿ ಹುಟ್ಟಿತ್ತು ಎಂದೇ ಅರ್ಥ.

ಖಾನಾಪುರದ ಕಡೆಯವರಿಗೆ ಈ ಭಯ ಹೊಸದಲ್ಲ. 2011ರ ಡಿಸೆಂಬರ್‌ನಲ್ಲಿ ಭೀಮಗಡ ಅಭಯಾರಣ್ಯ ಘೋಷಣೆಯಾದಾಗ 190 ಚದರ ಕಿ.ಮೀ. ಕಾಡಿಗೆ ರಕ್ಷಣೆ ಸಿಕ್ಕಿತು. ಬಾರಾಪೇಡೆ ಗುಹೆಗಳ ಅಪರೂಪದ ಬಾವಲಿಯ ಹೆಸರು ದೇಶಕ್ಕೆಲ್ಲ ತಿಳಿಯಿತು. ಕಾಡಿನೊಳಗಿನ ಹಳ್ಳಿಗಳಲ್ಲಿ ಮಾತ್ರ ದಾರಿ, ದೀಪ, ಸೇತುವೆಗಳ ಪ್ರಶ್ನೆಯೊಂದಿಗೆ ಎತ್ತಂಗಡಿಯ ಆತಂಕವೂ ಉಳಿದುಕೊಂಡಿತು. ಅಂಥ ಹಳ್ಳಿಗೆ ನೋಟ್‌ಪುಸ್ತಕ ಹಿಡಿದು ಹೋಗಿ ‘ನಿಮ್ಮ ಹಳ್ಳದಲ್ಲಿ ಯಾವ ಅಪರೂಪದ ಪ್ರಾಣಿಯಿದೆ’ ಎಂದು ಕೇಳಿದರೆ, ಉತ್ತರಿಸುವ ಮುನ್ನ ಅವರು ‘ಹೇಳಿದರೆ ಮುಂದೇನಾಗುತ್ತದೆ’ ಎಂದು ಯೋಚಿಸುವುದು ಸಹಜ. ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡಲು ಸಿದ್ಧರಿಲ್ಲದವರು ಸಮೀಕ್ಷೆಗೆ ಹೋಗಬಾರದು.

ಉತ್ತರದ ಒಂದು ಭಾಗ ಕಾನೂನಿನಲ್ಲಿಯೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಬರೆಯಬೇಕು. ಈ ದಾಖಲಾತಿಯ ಕಲ್ಪನೆ ಬೆಳೆದದ್ದು ಮಾಧವ ಗಾಡ್ಗೀಳ್ ಮತ್ತು ಅವರ ಜೊತೆಗಾರರು ಪಶ್ಚಿಮ ಘಟ್ಟದ ಹಳ್ಳಿಗಳಲ್ಲಿ ಮಾಡಿದ ಕೆಲಸದಿಂದ. ಊರಿನ ತಿಳಿವಳಿಕೆಯನ್ನು ಊರಿನವರೇ ಬರೆದಿಟ್ಟುಕೊಳ್ಳಬೇಕು, ಅದರ ಒಡೆತನ ಅವರದೇ ಆಗಿರಬೇಕು ಎಂಬುದು ಅದರ ತಿರುಳು. ಆಮೇಲೆ ಆದದ್ದೇನೆಂದು ಬಲ್ಲವರು ಬಲ್ಲರು. ಎಷ್ಟೋ ವರ್ಷ ಸಮಿತಿಗಳೇ ಇರಲಿಲ್ಲ. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿ, ತಪ್ಪಿದರೆ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡವೆಂದ ಮೇಲೆ ದೇಶದಾದ್ಯಂತ ದಾಖಲಾತಿಗಳು ತಿಂಗಳುಗಳಲ್ಲಿ ತಯಾರಾದವು. ಅವಸರದಲ್ಲಿ ತುಂಬಿದ ಇಂಥ ಪುಸ್ತಕದ ಜಲಚರಗಳ ಪುಟದಲ್ಲಿ ‘ಮೀನು, ಏಡಿ, ಆಮೆ’ ಎಂಬ ಮೂರು ಪದ ಮಾತ್ರ ಇದ್ದರೆ ಆಶ್ಚರ್ಯವಿಲ್ಲ. ಆದರೆ ಪುಸ್ತಕ ಇದೆ, ಅದಕ್ಕೆ ಕಾನೂನಿನ ಮಾನ್ಯತೆ ಇದೆ, ಅದನ್ನು ತಿದ್ದಿ ಬೆಳೆಸುವ ಅಧಿಕಾರ ಸಮಿತಿಗೆ ಇದೆ. ನಾಳೆ ಮರಳಿನ ಗುತ್ತಿಗೆಯನ್ನೋ ದಂಡೆಗೆ ಕಾಂಕ್ರೀಟ್ ಗೋಡೆಯನ್ನೋ ಪ್ರಶ್ನಿಸಬೇಕಾದಾಗ ‘ಇಲ್ಲಿ ಆಮೆ ಮೊಟ್ಟೆಯಿಡುತ್ತದೆ’ ಎಂಬ ಬಾಯಿಮಾತಿಗಿಂತ, ಆರು ವರ್ಷಗಳ ತಾರೀಖುಳ್ಳ ಬರಹಕ್ಕೆ ಕಚೇರಿಗಳಲ್ಲಿ ಹೆಚ್ಚು ತೂಕ.

ಕೃಷ್ಣೆಯ ಇನ್ನೊಂದು ಕವಲಿನಲ್ಲಿ ಇಂಥದ್ದೇ ತೂಕ ಕೆಲಸ ಮಾಡಿದೆ. ತುಂಗಭದ್ರೆಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ರಾಜ್ಯ ಸರ್ಕಾರ ಘೋಷಿಸಿತು. ಹೆಸರು ನೀರುನಾಯಿಯದಾದರೂ ಅದರ ನೆರಳಿನಲ್ಲಿ ಹೊಳೆಯ ಆಮೆಗಳಿಗೂ ಮೊಸಳೆಗಳಿಗೂ ಜಾಗ ದೊರೆತಿದೆ. ಕಾಡಿನಿಂದ ದೂರದ, ಜನವಸತಿಯ ನಡುವಿನ ನದಿಗೂ ರಕ್ಷಣೆ ಕೊಡಬಹುದು ಎಂಬುದಕ್ಕೆ ಇದು ನಿದರ್ಶನ.

ಬರೆದಿಡುವಾಗ ಒಂದು ಎಚ್ಚರಿಕೆ ಅತ್ಯಗತ್ಯ, ಇದರಲ್ಲಿ ರಾಜಿಯಿಲ್ಲ. ಪಕ್ಷಿವೀಕ್ಷಕರು ಕಂಡ ಹಕ್ಕಿಯ ಜಾಗವನ್ನು ಎಲ್ಲರಿಗೂ ಸಾರುತ್ತಾರೆ. ಅದರಿಂದ ಸಾಮಾನ್ಯವಾಗಿ ಕೇಡಿಲ್ಲ. ಆಮೆಗೆ ಆ ಮಾತು ಸಲ್ಲದು. ಇಂಥ ಮಡುವಿನ ಇಂಥ ದಂಡೆಯಲ್ಲಿ ದೊಡ್ಡ ಆಮೆಯಿದೆ ಎಂಬ ಚಿತ್ರಸಹಿತ ಸುದ್ದಿ ಮೊಬೈಲ್‌ನಿಂದ ಮೊಬೈಲ್‌ಗೆ ಹಾರಿದರೆ ಸಂಶೋಧಕರಿಗಿಂತ ಮೊದಲು ಅಲ್ಲಿಗೆ ತಲುಪುವವರು ಬೇರೆಯವರು. 2020ರ ಮೇ 23ರಂದು, ವಿಶ್ವ ಆಮೆ ದಿನದಂದು, ಸಾರ್ವಜನಿಕರು ಆಮೆಗಳನ್ನು ಗುರುತಿಸಿ ಮಾಹಿತಿ ಕೊಡಲೆಂದು ‘ಕೂರ್ಮ’ ಎಂಬ ಮೊಬೈಲ್ ತಂತ್ರಾಂಶ ಬಿಡುಗಡೆಯಾಯಿತು. ಜಾತಿ ಗುರುತಿಸಲು ಅದು ಉಪಯುಕ್ತ. ಆದರೆ ಗೂಡಿನ ನಿಖರವಾದ ಜಾಗವಿರುವ ಪುಟ ಊರಿನ ಪುಸ್ತಕದಲ್ಲಿಯೇ ಇರಬೇಕು. ಹೊರಗೆ ಹೋಗುವ ವರದಿಯಲ್ಲಿ ತಾಲ್ಲೂಕಿನ ಹೆಸರು, ನದಿಯ ಹೆಸರು ಸಾಕು. ಪುಟವನ್ನು ಯಾರು ನೋಡಬಹುದು ಎಂಬುದನ್ನು ಸಮಿತಿ ನಿರ್ಧರಿಸಲಿ.

ಕೆಲಸದ ರೀತಿ ಸರಳ. ಚಳಿಗಾಲದಲ್ಲಿ ಬಿಸಿಲೇರಿದ ಮೇಲೆ, ವಾರಕ್ಕೊಮ್ಮೆ, ಒಬ್ಬರೇ ಇಬ್ಬರೇ ಒಂದೇ ಜಾಗದಲ್ಲಿ ಅರ್ಧ ಗಂಟೆ ಸದ್ದಿಲ್ಲದೆ ಕುಳಿತು ಬಂಡೆ, ಬಿದ್ದ ಮರ, ಮರಳ ಅಂಚುಗಳನ್ನು ನೋಡುವುದು. ಕಂಡರೆ ಬೆನ್ನು ಗಟ್ಟಿಯೋ ಮೆದುವೋ, ಏಣು ಇದೆಯೋ, ಅಂದಾಜು ಉದ್ದ ಗೇಣಿನಷ್ಟೋ ಮೊಳದಷ್ಟೋ ಎಂದು ಬರೆಯುವುದು. ಕಾಣದಿದ್ದರೆ ‘ಕಾಣಲಿಲ್ಲ’ ಎಂದು ತಪ್ಪದೆ ಬರೆಯುವುದು. ಹೊಸಬರು ಸಾಮಾನ್ಯವಾಗಿ ಇದನ್ನೇ ಬಿಡುತ್ತಾರೆ. ಕಾಣದ ದಿನಗಳ ಲೆಕ್ಕವಿಲ್ಲದೆ ಕಂಡ ದಿನಗಳಿಗೆ ಅರ್ಥವಿಲ್ಲ. ಮುಂಗಾರಿನ ಮೊದಲ ವಾರಗಳಲ್ಲಿ ಕೆಲಸ ರಸ್ತೆಗೆ ಬದಲಾಗುತ್ತದೆ: ವಡಗಾವಿಯಿಂದ ಯಳ್ಳೂರಿನ ಕಡೆಗೆ, ಖಾನಾಪುರದ ಗದ್ದೆಬಯಲಿನ ದಾರಿಗಳಲ್ಲಿ, ಶಾಲೆಗೂ ಮಗ್ಗಕ್ಕೂ ಹೋಗಿಬರುವವರು ಚಕ್ರಕ್ಕೆ ಸಿಕ್ಕ ಆಮೆಯ ತಾರೀಖು, ಜಾಗವನ್ನು ಬರೆದರೆ ಯಾವ ಮೋರಿಯ ಬಳಿ ಅವು ದಾಟುತ್ತವೆ ಎಂಬುದು ಎರಡು ಮೂರು ವರ್ಷಗಳಲ್ಲಿ ತಾನಾಗಿ ಎದ್ದು ಕಾಣುತ್ತದೆ. ಬಾವಿಯ ಹೂಳು ತೆಗೆಯುವ ಸುದ್ದಿ ಸಮಿತಿಗೆ ಮೊದಲೇ ಬಂದರೆ ಒಳಗಿನ ಆಮೆಯನ್ನು ನೀರಿನ ತೊಟ್ಟಿಯಲ್ಲಿ ಕಾಪಾಡಿ ಕೆಲಸ ಮುಗಿದ ಮೇಲೆ ಅದೇ ಬಾವಿಗೆ ಬಿಡಲು ಅರಣ್ಯ ಇಲಾಖೆಯವರ ನೆರವು ಪಡೆಯಬಹುದು. ಅಕ್ವೇರಿಯಂ ಅಂಗಡಿಯಿಂದ ತಂದ, ಕೆನ್ನೆಯ ಮೇಲೆ ಕೆಂಪು ಪಟ್ಟಿಯಿರುವ ಆಮೆಯನ್ನು ಮಾತ್ರ ಯಾವ ಕಾರಣಕ್ಕೂ ಕೆರೆಗೆ, ಪುಷ್ಕರಣಿಗೆ ಬಿಡಬಾರದು. ಅದು ಅಮೆರಿಕದ ಮಿಸಿಸಿಪಿ ಕಡೆಯದು. ಸಾಕಿ ಬೇಸತ್ತವರು ಪುಣ್ಯವೆಂದು ಬಿಟ್ಟದ್ದು ಸ್ಥಳೀಯ ಆಮೆಗಳ ಆಹಾರಕ್ಕೂ ಬಿಸಿಲಿನ ಜಾಗಕ್ಕೂ ಪೈಪೋಟಿ ಮಾಡುತ್ತದೆ.

ಹಿಡಿಯುವುದು, ಅಳೆಯುವುದು, ಗುರುತು ಹಾಕುವುದು ಅನುಮತಿಯುಳ್ಳ ಸಂಶೋಧಕರ ಕೆಲಸ. ಬೇರೆಯವರು ಮುಟ್ಟುವ ಅಗತ್ಯವಿಲ್ಲ. ಮೃದುಚಿಪ್ಪಿನ ಆಮೆಯ ಕುತ್ತಿಗೆ ಉದ್ದ, ಹಿಂದಕ್ಕೂ ಹೊರಳಿ ಕಚ್ಚುತ್ತದೆ ಎಂಬುದು ಮುಟ್ಟದಿರಲು ಇನ್ನೊಂದು ಕಾರಣ. ಗಾಳ ನುಂಗಿದ್ದರೆ ಎಳೆಯದೆ ದಾರವನ್ನು ಬಾಯಿಯ ಬಳಿ ಕತ್ತರಿಸಿ, ನೆರಳಿನಲ್ಲಿ ಒದ್ದೆ ಬಟ್ಟೆ ಹೊದಿಸಿ, ಇಲಾಖೆಯವರಿಗೆ ತಿಳಿಸಬೇಕು. ತಿಳಿಸುವವನ ಜೊತೆಗೆ ಸಮಿತಿಯ ಸದಸ್ಯರೊಬ್ಬರು ಹೋಗಿ ನಿಲ್ಲುವ ಏರ್ಪಾಡು ಮೊದಲ ದಿನದಿಂದಲೇ ಇರಬೇಕು; ವಲಯ ಅರಣ್ಯಾಧಿಕಾರಿಯೊಂದಿಗೆ ಕುಳಿತು ಮಾತಾಡಿ, ಬಲೆಗೆ ಅಕಸ್ಮಾತ್ತಾಗಿ ಬಿದ್ದ ಆಮೆಯ ಸುದ್ದಿ ಕೊಟ್ಟವನನ್ನು ಹೇಗೆ ನಡೆಸಿಕೊಳ್ಳಲಾಗುವುದು ಎಂಬುದನ್ನು ಎಲ್ಲರೆದುರು ಹೇಳಿಸಬೇಕು. ಈ ಮಾತುಕತೆ ನಡೆಯದೆ ಪುಸ್ತಕವನ್ನು ತೆರೆಯುವುದು ಬೇಡ.

ಪುಸ್ತಕ ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ ಈ ಗಡಿಸೀಮೆಯಲ್ಲಿ ಖಂಡಿತ ಬರುತ್ತದೆ. ಬರೆಯುವವರಿಗೆ ಬರುವ ಭಾಷೆಯಲ್ಲಿ. ಆಮಿ ಎಂದಾದರೂ ಕಾಸವ ಎಂದಾದರೂ ಬರೆಯಲಿ. ಊರೂರಿನಲ್ಲಿ ಪ್ರತಿ ಜಾತಿಗೂ ಇರುವ ಬೇರೆ ಬೇರೆ ಹೆಸರುಗಳಿಗೆ ಒಂದು ಪುಟ ಬಿಟ್ಟರೆ ಸಾಕು. ಹೊಳೆಯ ದೊಡ್ಡ ಆಮೆಗೆ ಯಾವುದಾದರೂ ಊರಿನ ಅಜ್ಜಿಯ ಬಾಯಲ್ಲಿ ಪ್ರತ್ಯೇಕ ಹೆಸರು ಇದ್ದರೆ, ಆ ಹೊಳೆಯಲ್ಲಿ ಒಂದು ಕಾಲಕ್ಕೆ ಅದು ಇತ್ತೆಂಬುದಕ್ಕೆ ಅದೇ ಮೊದಲ ಸುಳಿವು. ಅಸೋಗಾದ ಕೆಳಗಿನ ಹರಿವಿನಿಂದ ಎಂ.ಕೆ. ಹುಬ್ಬಳ್ಳಿಯವರೆಗೆ, ಬೇಸಿಗೆಯಲ್ಲಿ ಉಳಿಯುವ ಮಡುಗಳ ಪಟ್ಟಿಯನ್ನು ಮೊದಲು ತಯಾರಿಸಬೇಕು. ಪ್ರತಿ ಮಡುವಿನ ಮುಂದೆ ಐದು ಮನೆಗಳನ್ನು ಕೇಳಿ ಒಂದು ಸಾಲು: ದೊಡ್ಡ ಆಮೆಯನ್ನು ಕೊನೆಯ ಸಲ ಕಂಡ ವರ್ಷ. ಅದರ ಪಕ್ಕದಲ್ಲಿ ಮರಿಯನ್ನು ಕೊನೆಯ ಸಲ ಕಂಡ ವರ್ಷ. ಈ ಎರಡು ಅಂಕಣಗಳ ನಡುವೆ ಎಷ್ಟು ವರ್ಷಗಳ ಅಂತರವಿದೆ ಎಂಬುದನ್ನು ಮುಂದಿನ ಸಭೆಯ ಹೊತ್ತಿಗೆ ನೋಡಬಹುದು.